ಹಳೇ ಮಿಲಿಟರಿ ಟ್ರಕ್ಕಿಗೆ ಯಾವ ಎಂಜಿನ್? ಘಟ್ಟ ಇಳಿಯುವ ಲೆಕ್ಕದಲ್ಲಿ ಒಂದು ಹೋಲಿಕೆ

ಎಂಜಿನ್ ತಂದು ಅಂಗಳಕ್ಕೆ ಇಳಿಸಿದ ಮೇಲೆ ಅಳತೆ ಟೇಪು ಹುಡುಕುವವರೇ ಜಾಸ್ತಿ. ನಾನೂ ಆ ಪೈಕಿಯವನೇ. ನಮ್ಮನೆಯಲ್ಲಿ ಒಂದು ನಿಸ್ಸಾನ್ ವನ್ ಟನ್ ಟ್ರಕ್ಕು ಇದೆ. ಜಬಲ್ಪುರದಲ್ಲಿ ತಯಾರಾಗಿ, ಸೈನ್ಯದಲ್ಲಿ ದುಡಿದು, ಹರಾಜಿನಲ್ಲಿ ಕೈ ಬದಲಿಸಿ ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಬಂದ ಗಾಡಿ. ಅದು ಪೆಟ್ರೋಲ್ ಕುಡಿಯುವ ಪರಿ ನೋಡಿ ತಲೆಕೆಟ್ಟು, ಗುಜರಿಯಿಂದ ಟಾಟಾದ ಆರು ಸಿಲಿಂಡರ್ 697 ಡೀಸೆಲ್ ಎಂಜಿನ್ ಹೇರಿಸಿಕೊಂಡು ಬಂದೆ. ಸದ್ದು ಚೊಕ್ಕವಾಗಿತ್ತು, ಹೊಗೆ ಇರಲಿಲ್ಲ, ರೇಟೂ ಕುದುರಿತ್ತು. ಚೈನ್ ಬ್ಲಾಕಿನಲ್ಲಿ ಎತ್ತಿ ಬಾನೆಟ್ಟಿನೊಳಗೆ ಇಳಿಸಿದರೆ ಎಂಜಿನ್ನಿನ ತಳದ ಆಯಿಲ್ ಚೇಂಬರ್ ಹೋಗಿ ಮುಂದಿನ ಆಕ್ಸಲ್ಲಿನ ನಡುವೆ ಗೇರುಗಳನ್ನು ಹೊತ್ತಿರುವ ಡಿಫರೆನ್ಷಿಯಲ್ ಗುಂಡಿನ ಮೇಲೆ ಕೂತಿತು. ಮೌಂಟಿಂಗ್ ಸೇರಲು ಇನ್ನೂ ನಾಲ್ಕು ಬೆರಳು ಕೆಳಗಿಳಿಯಬೇಕಿತ್ತು. ಮೆಕ್ಯಾನಿಕ್ ಬೀಡಿ ಹಚ್ಚಿಕೊಂಡು, 'ಎಂಜಿನ್ ಒಳ್ಳೇದಿದೆ ಸಾಮಿ, ಗಾಡಿ ಬೇರೆ ತನ್ನಿ' ಅಂದ.

ಆ 697 ನಷ್ಟಕ್ಕೆ ಹೋಯಿತು. ಆಮೇಲೆ ಒಂದು ಸಿಂಪ್ಸನ್ ಡೀಸೆಲ್ ಎಂಜಿನ್ ಕೂರಿಸಿ ಎರಡು ಮಳೆಗಾಲ ಓಡಿಸಿದೆ. ಈಗ ಗಾಡಿಯಲ್ಲಿರುವುದು ಮೂರನೆಯದು, ಲೇಲ್ಯಾಂಡಿನ ನಾಲ್ಕು ಸಿಲಿಂಡರ್ ಹಿನೊ. ಮೂರು ಸಲ ದುಡ್ಡು ಸುರಿದವನು ಬರೆಯುತ್ತಿರುವುದರಿಂದ ಇದರಲ್ಲಿ ಹಾರ್ಸ್‌ಪವರ್ ಮಾತು ಕಡಿಮೆ. ಮಲೆನಾಡಿನಲ್ಲಿ ಹಳೇ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಟ್ರಕ್ಕಿಗೆ ಏರು ಹತ್ತಿಸುವ ಎಂಜಿನ್ ಹುಡುಕುವುದು ಕಷ್ಟವಲ್ಲ. ಲೋ ಗೇರಿಗೆ ಹಾಕಿದರೆ ಯಾವ ಎಂಜಿನ್ನೂ ಹತ್ತಿಸುತ್ತದೆ. ಎಂಜಿನ್ನನ್ನು ಆರಿಸಬೇಕಾದದ್ದು ಇಳಿಜಾರಿನ ಲೆಕ್ಕದಲ್ಲಿ: ಬ್ರೇಕಿಗೆ ಅದು ಏನು ಕೊಡುತ್ತದೆ, ಮುಂದಿನ ಆಕ್ಸಲ್ ಮೇಲೆ ಎಷ್ಟು ಭಾರ ಹೇರುತ್ತದೆ, ಚೇಂಬರಿನ ಕೆಳಗೆ ಎಷ್ಟು ಜಾಗ ಬಿಡುತ್ತದೆ.

ನಿಮ್ಮದು ಯಾವ ಗಾಡಿ?

ನಮ್ಮ ಕಡೆ 'ಮಿಲಿಟರಿ ಗಾಡಿ' ಅಂದರೆ ಮೂರು ಪೀಳಿಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲೇ ಉಳಿದ ಕೆನಡಾದ ಫೋರ್ಡ್, ಷೆವರ್ಲೆ ಟ್ರಕ್ಕುಗಳು ಮೊದಲನೆಯವು. ಮೂತಿ ಚಪ್ಪಟೆ, ಚಕ್ರ ದೊಡ್ಡದು, ಕಾಡಿನಿಂದ ನಾಟಾ ಎಳೆಯುವುದರಲ್ಲಿ ಹೆಸರು ಮಾಡಿದಂಥವು. ಎರಡನೆಯದು ಶಕ್ತಿಮಾನ್, ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸಿನಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದದ್ದು. ಮೂರನೆಯದು ನಿಸ್ಸಾನ್ ಕುಟುಂಬ: ವನ್ ಟನ್ ಟ್ರಕ್ಕು ಮತ್ತು ಅದರ ಚಿಕ್ಕ ತಮ್ಮ ಜೋಂಗಾ. ಜೋಂಗಾ ಅನ್ನುವುದು ಜಪಾನಿ ಪದ ಅಂದುಕೊಂಡವರು ಬಹಳ ಜನ. ಅದು ಜಬಲ್ಪುರದ ಆರ್ಡ್‌ನೆನ್ಸ್ ಮತ್ತು ಗನ್ ಕ್ಯಾರೇಜ್ ಕಾರ್ಖಾನೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಪೋಣಿಸಿದ್ದು.

ಶಕ್ತಿಮಾನ್ ಹುಟ್ಟಾ ಡೀಸೆಲ್. ಅದರ ಮಾಲೀಕನಿಗೆ ಇಂಧನದ ಚಿಂತೆ ಇಲ್ಲ, ಬಿಡಿಭಾಗದ ಚಿಂತೆ. ನಿಸ್ಸಾನಿನಲ್ಲಿರುವುದು 3956 ಸಿಸಿಯ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಯುದ್ಧಕಾಲದ ಗಾಡಿಗಳೂ ಪೆಟ್ರೋಲಿನವೇ. ಪೆಟ್ರೋಲಿನಿಂದ ಡೀಸೆಲ್ಲಿಗೆ ಬರುವವನಿಗೂ ಡೀಸೆಲ್ಲಿನಿಂದ ಡೀಸೆಲ್ಲಿಗೆ ಬರುವವನಿಗೂ ಖರ್ಚಿನ ಪಟ್ಟಿಯೇ ಬೇರೆ. ಕಾರಣ ಮುಂದೆ ಬರುತ್ತದೆ.

ಮೊದಲು ಕಡುಬಿನ ಹಿಟ್ಟು

ಎಂಜಿನ್ ನೋಡಲು ಹೋಗುವ ಮೊದಲು ಗಾಡಿಯ ಕೆಳಗೆ ಮಲಗಿ. ಹಳೇ ಎಂಜಿನ್ ಇನ್ನೂ ಒಳಗಿದ್ದರೆ ಇನ್ನೂ ಒಳ್ಳೆಯದು. ಬರೀ ನಿಂತ ಗಾಡಿಯಲ್ಲಿ ಚೇಂಬರಿಗೂ ಡಿಫರೆನ್ಷಿಯಲ್ಲಿಗೂ ಇರುವ ಅಂತರ ಅಳೆದರೆ ಮೋಸ ಹೋಗುತ್ತೀರಿ. ಚಕ್ರ ರಸ್ತೆಯ ಗುಂಡಿಗೆ ಬಿದ್ದಾಗ ಆಕ್ಸಲ್ ಮೇಲೆ ಬರುತ್ತದೆ, ಆಗ ಎಷ್ಟು ಉಳಿಯುತ್ತದೆ ಎಂಬುದು ಲೆಕ್ಕ.

ನಾನು ಎರಡನೇ ಸಲ ಮಾಡಿದ್ದು ಹೀಗೆ. ಅಕ್ಕಿ ಕಡುಬಿಗೆ ಕಲಸಿದ ಹಿಟ್ಟಿನಲ್ಲಿ ಒಂದು ದಪ್ಪ ಉಂಡೆ ಕೇಳಿ ಪಡೆದು (ಯಾಕೆ ಅಂತ ಹೇಳುವುದರೊಳಗೆ ಒಲೆ ಆರಿಹೋಗುವಷ್ಟು ಮಾತಾಯಿತು), ಡಿಫರೆನ್ಷಿಯಲ್ ಗುಂಡಿನ ನೆತ್ತಿಗೆ ಮೆತ್ತಿದೆ. ಒಂದು ಬದಿಯ ಮುಂದಿನ ಚಕ್ರದ ಕೆಳಗೆ ಜಾಕ್ ಕೊಟ್ಟು, ಕಮಾನುಪಟ್ಟೆ ಬಂಪ್ ರಬ್ಬರಿಗೆ ತಾಗುವ ತನಕ ಎತ್ತಿ, ಇಳಿಸಿ, ಇನ್ನೊಂದು ಬದಿಗೂ ಹಾಗೇ ಮಾಡಿದೆ. ಉಂಡೆ ಚಪ್ಪಟೆಯಾಗಿ ಚೇಂಬರಿನ ಪಡಿಯಚ್ಚು ಬಿದ್ದಿತ್ತು. ಕಡ್ಡಿ ಚುಚ್ಚಿ ಅಳೆದರೆ 18 ಮಿಲಿಮೀಟರ್. ನನ್ನ ಪ್ರಕಾರ ಒಂದು ಇಂಚಿಗಿಂತ ಕಡಿಮೆ ಉಳಿದರೆ ಸಾಲದು, ಏಕೆಂದರೆ ರಬ್ಬರ್ ಮೌಂಟಿಂಗಿನ ಮೇಲೆ ಎಂಜಿನ್ ಕೂಡ ಕುಣಿಯುತ್ತದೆ. ಬಂಪ್ ರಬ್ಬರಿಗೆ ಪಟ್ಟಿ ಕೊಟ್ಟು ಅಷ್ಟು ಜಾಗ ಗಿಟ್ಟಿಸಬೇಕಾಯಿತು.

ಪಟ್ಟಿ ಕೊಟ್ಟರೂ ಜಾಗ ಸಾಲದಿದ್ದರೆ ಎರಡೇ ದಾರಿ. ಎಂಜಿನ್ನನ್ನು ಎತ್ತರಿಸಿ ಕೂರಿಸುವುದು ಒಂದು. ಹಾಗೆ ಮಾಡಿದರೆ ಬಾನೆಟ್ ಮುಚ್ಚುವುದಿಲ್ಲ, ಗೇರ್‌ಬಾಕ್ಸಿನ ಕೋನ ಕೆಡುತ್ತದೆ. ಇನ್ನೊಂದು, ಚೇಂಬರ್ ಕತ್ತರಿಸಿ ಎಣ್ಣೆ ನಿಲ್ಲುವ ಗುಂಡಿಯನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ ವೆಲ್ಡ್ ಮಾಡಿಸುವುದು. ಗುಂಡಿಯ ಜತೆ ಆಯಿಲ್ ಪಂಪಿನ ಹೀರುಕೊಳವೆಯನ್ನೂ ಸರಿಸಬೇಕು. ಅದನ್ನು ಮರೆತವರ ಎಂಜಿನ್ ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಕಡಿದಾದ ದಾರಿಯಲ್ಲಿ ಮೂತಿ ಮೇಲೆ ಮಾಡಿ ಎರಡು ನಿಮಿಷ ನಿಂತರೆ ಎಣ್ಣೆಯೆಲ್ಲ ಒಂದು ಕಡೆ ಸರಿದು ಕೊಳವೆ ಗಾಳಿ ಹೀರುತ್ತದೆ, ಬೇರಿಂಗ್ ಹೋಗುತ್ತದೆ.

ಒಂದೊಂದಾಗಿ ಎಂಜಿನ್ನುಗಳು

ಇದ್ದ ಎಂಜಿನ್ನನ್ನೇ ಬಿಚ್ಚಿ ಕಟ್ಟಿಸುವುದು. ಇದನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣ, ಹೆಚ್ಚಿನವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡದ ಗಾಡಿಗೆ ಡೀಸೆಲ್ ಹಾಕಿ ಉಳಿಸುವ ದುಡ್ಡು ಫಿಟ್ಟಿಂಗ್ ಖರ್ಚಿಗೆ ಎಂದೂ ಸಮವಾಗುವುದಿಲ್ಲ. ಬೋರಿಂಗ್, ಪಿಸ್ಟನ್, ವಾಲ್ವ್ ಕೆಲಸ ಮಾಡಿಸಿದರೆ ಚೇಂಬರ್, ಬ್ರೇಕು, ಆರ್‌ಸಿ ಯಾವುದರ ತಲೆನೋವೂ ಇಲ್ಲ. ತೊಂದರೆ ಎರಡು. ಒಂದು, ನಮ್ಮ ಮಳೆ. ಆರಿದ್ರಾ ಮಳೆ ಹಿಡಿದರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಬೆವರು ಕೂತು ಬೆಳಗ್ಗೆ ಎದ್ದು ಬಟ್ಟೆಯಲ್ಲಿ ಒರೆಸುವುದೇ ಕೆಲಸ. ಎರಡು, ಈಗಿನ ಪೆಟ್ರೋಲ್. ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಪೊರೆ ಅದಕ್ಕೆ ತಕ್ಕವಲ್ಲ. ಮೇಲಾಗಿ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಾಲ್ಕು ತಿಂಗಳು ತೇವ ತುಂಬಿದ ಶೆಡ್ಡಿನಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಹೊತ್ತು ನಿಂತ ಗಾಡಿಯಲ್ಲಿ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಹೀರುವುದು ಆ ತಳವನ್ನೇ. ಪೈಪು, ಪೊರೆಗಳನ್ನು ಎಥನಾಲ್ ತಾಳುವ ರಬ್ಬರಿಗೆ ಬದಲಿಸಿ, ಮಳೆಗಾಲಕ್ಕೆ ಟ್ಯಾಂಕ್ ಖಾಲಿ ಮಾಡಿ ಒರೆಸಿಟ್ಟರೆ ಹೇಗೋ ನಡೆಯುತ್ತದೆ.

ಟಾಟಾ 697 ಮತ್ತು ಅದರಣ್ಣ 692. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಕಂಪನಿ 1954ರಿಂದ 1969ರ ತನಕ ಮರ್ಸಿಡಿಸ್ ಜೊತೆ ಇತ್ತು. ಈ ಎಂಜಿನ್ನುಗಳ ರಕ್ತ ಅಲ್ಲಿಯದೇ. ನಂಬರಿನ ಗುಟ್ಟು ಸರಳ: ಮೊದಲ ಅಂಕಿ ಸಿಲಿಂಡರ್ ಎಷ್ಟೆಂದು ಹೇಳುತ್ತದೆ, ಮುಂದಿನ ಎರಡು ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಎಷ್ಟು ಮಿಲಿಮೀಟರ್ ಅನ್ನುವುದನ್ನು. 697 ಅಂದರೆ 97 ಮಿಮೀ ಬೋರಿನ ಆರು ಸಿಲಿಂಡರ್, 5675 ಸಿಸಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕಣ್ಣು ಮುಚ್ಚಿ ಕೈ ಚಾಚಿದರೂ ಇದರ ಸಾಮಾನು ಸಿಗುತ್ತದೆ. ಕುಗ್ರಾಮದ ಮೆಕ್ಯಾನಿಕ್ಕೂ ಕತ್ತಲಲ್ಲಿ ಇದರ ವಾಲ್ವ್ ಕೂರಿಸುತ್ತಾನೆ. ಜತೆಗೆ ಏರ್ ಕಂಪ್ರೆಸರ್ ಬರುತ್ತದೆ, ಆದ್ದರಿಂದ ಗಾಳಿ ಬ್ರೇಕಿಗೆ ಹೋಗುವವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಶಕ್ತಿಮಾನಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ನಿಸ್ಸಾನಿಗೆ ಬೇಡ. ನಾಲ್ಕು ಕ್ವಿಂಟಾಲ್ ದಾಟಿದ ಕಬ್ಬಿಣ ಮುಂದಿನ ಪಟ್ಟೆಯ ಮೇಲೆ ಕೂತರೆ ಗದ್ದೆ ಬದಿಯ ಕೆಸರಲ್ಲಿ ಮೂತಿ ಮೊದಲು ಹೂಳುತ್ತದೆ. ಒಂದು ಟನ್ನಿನ ಗಾಡಿಗೆಂದು ಮಾಡಿದ ಗೇರ್‌ಬಾಕ್ಸು, ಆಕ್ಸಲ್ ಶಾಫ್ಟುಗಳು ಹದಿನಾರು ಟನ್ನಿನ ಲಾರಿ ಎಳೆದ ಎಂಜಿನ್ನಿನ ತಿರುಚು ತಾಳುವುದೂ ಇಲ್ಲ. ಎಂಜಿನ್ ಉಳಿಯುತ್ತದೆ, ಅದರ ಹಿಂದಿನದೆಲ್ಲ ಮುರಿಯುತ್ತದೆ.

ಅದೇ ಬೋರಿನ ನಾಲ್ಕು ಸಿಲಿಂಡರ್ ತಮ್ಮ 497, ಅಂದರೆ 3783 ಸಿಸಿಯದು, ನಿಸ್ಸಾನಿಗೆ ಹೊಂದುತ್ತದೆ. ಉದ್ದ ಕಡಿಮೆ, ಭಾರ ಕಡಿಮೆ, ಸಾಮಾನು ಸಮೃದ್ಧಿ. ಕೊಳ್ಳುವಾಗ ಎಚ್ಚರ: 497 ಅನ್ನುವ ಹೆಸರಿನಲ್ಲೇ ಮೂರು ಲೀಟರಿನ ಆಸುಪಾಸಿನ ಚಿಕ್ಕ ಎಂಜಿನ್ನೂ ಗುಜರಿಯಲ್ಲಿ ಸುಳಿದಾಡುತ್ತದೆ. ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ಕೇಳಿ, ಡೀಸೆಲ್ ಪಂಪಿನ ಪ್ಲೇಟು ನೋಡಿ ನಂಬಿ.

ಸಿಂಪ್ಸನ್, ಅಂದರೆ ಪರ್ಕಿನ್ಸ್. ಹಳೇ ಪೆಟ್ರೋಲ್ ಟ್ರಕ್ಕಿಗೆ ಡೀಸೆಲ್ ಅಂದ ಕೂಡಲೇ ಹಿರಿಯರ ಬಾಯಿಗೆ ಬರುವ ಹೆಸರು ಇದು. 1937ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಪರ್ಕಿನ್ಸ್ ಪಿ6 ಆರು ಸಿಲಿಂಡರ್, 4.73 ಲೀಟರ್, ನಿಮಿಷಕ್ಕೆ 2400 ಸುತ್ತಿಗೆ 83 ಹಾರ್ಸ್‌ಪವರ್. ಪೆಟ್ರೋಲ್ ಟ್ರಕ್ಕುಗಳಿಗೆ ಡೀಸೆಲ್ ಹೃದಯ ಕಸಿ ಮಾಡಿಯೇ ಆ ಎಂಜಿನ್ ಲೋಕದಲ್ಲೆಲ್ಲ ಹೆಸರಾಯಿತು. ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲೇ ಮಾಡತೊಡಗಿದ ಮೇಲೆ ನಮ್ಮ ನಾಟಾ ಗಾಡಿಗಳಿಗೂ ಬಂತು. ಯುದ್ಧಕಾಲದ ಫೋರ್ಡ್, ಷೆವರ್ಲೆ ಇಟ್ಟುಕೊಂಡವರಿಗೆ ಪಿ6 ಇವತ್ತಿಗೂ ಮರ್ಯಾದೆಯ ಆಯ್ಕೆ, ಆದರೆ ಬಿಡಿಭಾಗ ಹುಡುಕಿ ತರುವ ಹುಚ್ಚು ಬೇಕು. ನಾನು ಹಾಕಿದ್ದು ಅದರ ನಾಲ್ಕು ಸಿಲಿಂಡರ್ ರೂಪ, 3.15 ಲೀಟರಿನ ಪಿ4. ಮ್ಯಾಸಿ ಟ್ರ್ಯಾಕ್ಟರುಗಳಲ್ಲಿ ಸಿಂಪ್ಸನ್ ಎಂಜಿನ್ ಇರುವುದರಿಂದ ಟ್ರ್ಯಾಕ್ಟರ್ ರಿಪೇರಿಯವನಿಗೆ ಇದರ ಮೈ ಗೊತ್ತು, ಅಷ್ಟು ಅನುಕೂಲ. ಶಕ್ತಿ ಮಾತ್ರ ಸಾಲಲಿಲ್ಲ. ತೋಟದೊಳಗೆ ಗೊಬ್ಬರ, ಅಡಿಕೆ, ಕಟ್ಟಿಗೆ ಹೊರುವಾಗ ಆನೆ. ಡಾಂಬರಿಗೆ ಹತ್ತಿಸಿದರೆ ಹಿಂದೆ ಬಸ್ಸಿನವರ ಹಾರ್ನು ಕೇಳಿ ಕೇಳಿ ಸಾಕಾಯಿತು.

ಲೇಲ್ಯಾಂಡ್. ಇದರಲ್ಲಿ ಎರಡು ವಂಶ. ಹಳೇ ಕಾಮೆಟ್ ಲಾರಿಗಳ 370, 400 ಎಂಬವು ಸಿಲಿಂಡರುಗಳ ಒಟ್ಟು ಅಳತೆಯನ್ನು ಘನ ಇಂಚಿನಲ್ಲಿ ಹೇಳುವ ಹೆಸರುಗಳು. 370 ಅಂದರೆ ಆರು ಲೀಟರಿನ ಆಸುಪಾಸು, 400 ಅಂದರೆ ಆರೂವರೆ. ಕಲ್ಲಿನಂಥ ಎಂಜಿನ್, ಕಲ್ಲಿನಷ್ಟೇ ಭಾರ. ಶಕ್ತಿಮಾನಿಗಿಂತ ಚಿಕ್ಕ ಗಾಡಿಗೆ ಯೋಚಿಸುವುದೇ ಬೇಡ. ಇನ್ನೊಂದು ವಂಶ ಜಪಾನಿನ ಹಿನೊ ಕಂಪನಿಯದು. ಅದರ ನಾಲ್ಕು ಸಿಲಿಂಡರ್ ಡಬ್ಲ್ಯೂ04ಡಿ 3839 ಸಿಸಿ, ಆರು ಸಿಲಿಂಡರ್ ಎಚ್06 5759 ಸಿಸಿ. ಬೋರೂ ಸ್ಟ್ರೋಕೂ (ಪಿಸ್ಟನ್ ಓಡುವ ಉದ್ದ) ಎರಡಕ್ಕೂ ಒಂದೇ. ನನಗೆ ನಾಲ್ಕು ಸಿಲಿಂಡರಿನ ಮೇಲೆ ಧೈರ್ಯ ಬಂದದ್ದು ಒಂದು ಹಳೇ ಸಂಗತಿಯಿಂದ: 1990ರ ದಶಕದಲ್ಲಿ ಜಬಲ್ಪುರದವರೇ ನಾಗರಿಕರಿಗೆಂದು ಜೋಂಗಾ ಮಾರಲು ಹೊರಟಾಗ ಅದಕ್ಕೆ ಹಾಕಿದ್ದು ಲೇಲ್ಯಾಂಡಿನ ಹಿನೊ ಡೀಸೆಲ್. ಆ ಗಾಡಿ ಹೆಚ್ಚು ಮಾರಾಟವಾಗಲಿಲ್ಲ, ಅದು ಬೇರೆ ಮಾತು. ಕಾರ್ಖಾನೆಯವರೇ ಅಳೆದು ನೋಡಿ ಒಪ್ಪಿದ ಜೋಡಿ ಅನ್ನುವುದು ನನಗೆ ಸಾಕಿತ್ತು. ಟಾಟಾದ ಸಾಮಾನು ಮೂರು ಅಂಗಡಿಯಲ್ಲಿ ಸಿಕ್ಕರೆ ಇದರದ್ದು ಒಂದರಲ್ಲಿ ಸಿಗುತ್ತದೆ. ಶಿವಮೊಗ್ಗದ ತನಕ ಹೋಗಲೇಬೇಕು, ತೀರ್ಥಹಳ್ಳಿಯಲ್ಲಿ ಮುಗಿಯುವುದಿಲ್ಲ.

ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಚಿಮ್ಮಿಸುವ, ಹೊಸ ಕಾಲದ ಕಾಮನ್ ರೈಲ್ ಎಂಜಿನ್ ಹಾಕಲೇ ಅಂತ ಹುಡುಗರು ಕೇಳುತ್ತಾರೆ. ವೈರಿಂಗು, ಸೆನ್ಸರು, ಕಂಪ್ಯೂಟರ್ ಪೆಟ್ಟಿಗೆ, ಜತೆಗೆ ನಮ್ಮ ಇಲಿಗಳು. ನಾನು ಹಾಕುವುದಿಲ್ಲ.

ಗೇರ್‌ಬಾಕ್ಸ್ ಯಾವುದು?

ಎಂಜಿನ್ ಆರಿಸಿದಾಗಲೇ ಈ ತೀರ್ಮಾನವೂ ಆಗಬೇಕು. ಹಳೇ ಗೇರ್‌ಬಾಕ್ಸನ್ನೇ ಉಳಿಸಿಕೊಂಡು, ನಡುವೆ ಒಂದು ದಪ್ಪ ಕಬ್ಬಿಣದ ಅಡಾಪ್ಟರ್ ತಟ್ಟೆ ಹಾಕಿ ಹೊಸ ಎಂಜಿನ್ನನ್ನು ಜೋಡಿಸುವುದು ಒಂದು ಬಗೆ. ಎಂಜಿನ್ನಿನ ಸ್ವಂತ ಗೇರ್‌ಬಾಕ್ಸನ್ನೂ ಜತೆಗೇ ತಂದು, ಅದರಿಂದ ಟ್ರಾನ್ಸ್‌ಫರ್ ಕೇಸಿಗೆ (ಮುಂದಿನ, ಹಿಂದಿನ ಆಕ್ಸಲ್ಲಿಗೆ ಬಲ ಹಂಚುವ ಪೆಟ್ಟಿಗೆಗೆ) ಗಿಡ್ಡ ಜಾಯಿಂಟ್ ಶಾಫ್ಟ್ ಕೊಡುವುದು ಇನ್ನೊಂದು ಬಗೆ. ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಳ್ಳದೆ ಚಾಸಿಗೆ ಬೇರೆಯಾಗಿ ಬಿಗಿದಿರುವ ಗಾಡಿಗಳಲ್ಲಿ ಮಾತ್ರ ಎರಡನೆಯದು ಸುಲಭ.

ಪಿ4 ಹಾಕುವಾಗ ನಾನು ತಟ್ಟೆಯ ದಾರಿ ಹಿಡಿದೆ. ಲೇತಿನವರು ಚೆನ್ನಾಗಿಯೇ ಕಡೆದುಕೊಟ್ಟಂತೆ ಕಂಡಿತು, ಬೋಲ್ಟೆಲ್ಲ ಕೂತವು. ಆದರೆ ತಟ್ಟೆಯ ನಡುವಿನ ತೂತು ಕ್ರ್ಯಾಂಕಿನ ನಡುವಿಗಿಂತ ಅರ್ಧ ಮಿಲಿಮೀಟರಿನಷ್ಟು ಪಕ್ಕಕ್ಕಿತ್ತು. ಮೂರು ತಿಂಗಳಿಗೆ ಕ್ಲಚ್ ಒತ್ತಿದರೆ ಮಿಡತೆ ಕೂಗಿದ ಹಾಗೆ ಶಬ್ದ ಶುರುವಾಯಿತು. ಬಿಚ್ಚಿದರೆ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಪುಡಿ, ಇನ್‌ಪುಟ್ ಶಾಫ್ಟಿನ ಮೂತಿ ಸವೆದು ಪೆನ್ಸಿಲ್ ತುದಿ. ಆಮೇಲೆ ಕಲಿತದ್ದು: ಫ್ಲೈವೀಲಿಗೆ ಡಯಲ್ ಗೇಜ್ (ಕೂದಲೆಳೆ ಅಂತರ ತೋರಿಸುವ ಮುಳ್ಳಿನ ಅಳತೆಗೋಲು) ಕಚ್ಚಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಹೌಸಿಂಗಿನ ತೂತಿನ ಸುತ್ತ ಮುಳ್ಳು ಎಷ್ಟು ಆಡುತ್ತದೆ ನೋಡಬೇಕು. ಒಟ್ಟು ಆಟ ಮಿಲಿಮೀಟರಿನ ಐದನೇ ಒಂದು ಪಾಲು ದಾಟಬಾರದು. ಸರಿ ಬಂದ ಮೇಲೆ ಡೋವೆಲ್ ಪಿನ್ ಹೊಡೆದು ಆ ಜಾಗವನ್ನು ಗಟ್ಟಿ ಮಾಡಬೇಕು. ಬೋಲ್ಟು ಬಿಗಿಯಲಷ್ಟೇ, ನಡು ಹಿಡಿಯುವುದು ಡೋವೆಲ್ಲು. ಡಯಲ್ ಗೇಜ್ ಇಲ್ಲ ಅನ್ನುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಹಿನೊ ಹಾಕುವಾಗ ಗೇರ್‌ಬಾಕ್ಸನ್ನೂ ತಂದೆ. ಕ್ಲಚ್, ಬೆಲ್ ಹೌಸಿಂಗ್, ಪೈಲಟ್ ಬೇರಿಂಗ್ ಎಲ್ಲ ಕಂಪನಿ ಕೂರಿಸಿದ ಜೋಡಿಯೇ. ಹೊಸದಾಗಿ ಮಾಡಿಸಿದ್ದು ಒಂದು ಗಿಡ್ಡ ಶಾಫ್ಟು, ಅದನ್ನು ಬ್ಯಾಲೆನ್ಸ್ ಮಾಡಿಸಿದ್ದು, ಗೇರ್ ಕೋಲು ಬಗ್ಗಿಸಿದ್ದು. ಖರ್ಚು ಹೆಚ್ಚು ಕಡಿಮೆ ಸಮ, ನಿದ್ದೆ ಮಾತ್ರ ಚೆನ್ನಾಗಿ ಬಂತು.

ಮೌಂಟಿಂಗ್ ವಿಷಯದಲ್ಲಿ ಒಂದೇ ಮಾತು. ಮುಂದೆ ಒಂದು, ಹಿಂದೆ ಎರಡು, ಅಥವಾ ಅದರ ತಿರುಗಾ: ಮೂರೇ ಕಡೆ ಹಿಡಿಯಬೇಕು. ಹಳ್ಳ ದಾಟುವಾಗ ಮಿಲಿಟರಿ ಗಾಡಿಯ ಚಾಸಿ ತಿರುಚಿಕೊಳ್ಳುತ್ತದೆ, ತಿರುಚಲೆಂದೇ ಅದನ್ನು ಮಾಡಿರುವುದು. ನಾಲ್ಕು ಮೂಲೆಗೂ ಬಿಗಿದು ಕೂರಿಸಿದರೆ ಆ ತಿರುಚು ಬೆಲ್ ಹೌಸಿಂಗಿನ ಕಿವಿ ಮುರಿಯುತ್ತದೆ.

ಬ್ರೇಕು

ಪೆಟ್ರೋಲ್ ಗಾಡಿಗೆ ಡೀಸೆಲ್ ಹಾಕುವವರು ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬಾರದು. ಪೆಟ್ರೋಲ್ ಎಂಜಿನ್ನಿನ ಇನ್‌ಟೇಕಿನಲ್ಲಿ ಗಾಳಿ ತಡೆಯುವ ಥ್ರಾಟಲ್ ಮುಚ್ಚಿದಾಗ ನಿರ್ವಾತ ಹುಟ್ಟುತ್ತದೆ. ಬ್ರೇಕ್ ಪೆಡಲಿಗೆ ಬಲ ಕೂಡಿಸುವ ಬೂಸ್ಟರ್ ಬದುಕಿರುವುದು ಆ ನಿರ್ವಾತದ ಮೇಲೆ. ಇಂಥ ಹಳೇ ಡೀಸೆಲ್ಲಿನಲ್ಲಿ ಸಾಮಾನ್ಯವಾಗಿ ಅಂಥ ಥ್ರಾಟಲ್ ಇರುವುದಿಲ್ಲ, ಗಾಳಿ ಪೂರ್ತಿ ಒಳಹೋಗುತ್ತದೆ, ಬೂಸ್ಟರಿಗೆ ಸಾಲುವಷ್ಟು ನಿರ್ವಾತ ಹುಟ್ಟುವುದಿಲ್ಲ. ಅಂದರೆ ಎಂಜಿನ್ ಬದಲಿಸಿದ ದಿನವೇ ಬ್ರೇಕಿನ ಅರ್ಧ ಜೀವ ಹೋದಂತೆ.

ಪಿ4 ಹಾಕಿದಾಗ ಬೂಸ್ಟರಿನ ಪೈಪಿಗೆ ಬಿರಡೆ ಹಾಕಿ 'ಆಮೇಲೆ ನೋಡೋಣ' ಅಂದುಕೊಂಡಿದ್ದೆವು. ಅಂಗಳದಲ್ಲಿ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ವಾರದ ಮೇಲೆ ಗುಡ್ಡದ ತುದಿಯಿಂದ ಸಿಲ್ವರ್ ಓಕಿನ ತುಂಡು ಹೇರಿಕೊಂಡು ತೋಟದ ಮಣ್ಣು ರಸ್ತೆಯಲ್ಲಿ ಇಳಿಯುತ್ತಿದ್ದೆ. ಎರಡನೇ ತಿರುವಿನಲ್ಲಿ ಪೆಡಲ್ ಒತ್ತಿದರೆ ಜಂಬಿಟ್ಟಿಗೆ ಕಲ್ಲು ಒತ್ತಿದ ಹಾಗೆ. ಎರಡೂ ಕಾಲು ಇಟ್ಟು ನಿಂತರೂ ಗಾಡಿ ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಲೋ ರೇಂಜಿನ ಎರಡನೇ ಗೇರಿನಲ್ಲಿದ್ದದ್ದಕ್ಕೆ ಬಚಾವು. ಬಲಗಡೆಯ ಧರೆಗೆ ಬಾಡಿ ಉಜ್ಜಿಸಿಕೊಂಡು ಮೂವತ್ತು ಅಡಿ ಹೋಗಿ ನಿಲ್ಲಿಸಿದೆ. ಹಿಂದೆ ಕೂತಿದ್ದ ಇಬ್ಬರು ಆಳುಗಳು ಯಾವಾಗ ಹಾರಿದರೋ ಗೊತ್ತಿಲ್ಲ, ಮೇಲಿನ ತಿರುವಿನಲ್ಲಿ ನಿಂತು ನೋಡುತ್ತಿದ್ದರು. ಧರೆಯ ಕೆಂಪು ಮಣ್ಣು ಇವತ್ತಿಗೂ ಆ ಬದಿಯ ಹಲಗೆಯ ಸಂದಿನಲ್ಲಿದೆ.

ಪರಿಹಾರ ದೊಡ್ಡದೇನಲ್ಲ. ಡೈನಮೋ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಚಿಕ್ಕ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯ. ಅದನ್ನು ಹಾಕಿ, ಒಂದು ನಿರ್ವಾತದ ಡಬ್ಬಿ, ನಡುವೆ ಒಂದೇ ಕಡೆ ಬಿಡುವ ವಾಲ್ವು. ಎಂಜಿನ್ ನಿಂತರೂ ಎರಡು ಮೂರು ಸಲ ಒತ್ತುವಷ್ಟು ಬಲ ಡಬ್ಬಿಯಲ್ಲಿ ಉಳಿಯುತ್ತದೆ. ಎಂಜಿನ್ ಕೊಳ್ಳುವಾಗಲೇ ಈ ಪಂಪ್ ಕೂರಲು ಜಾಗ ಇದೆಯೇ, ಇಲ್ಲವೇ ಕಂಪ್ರೆಸರ್ ಇದೆಯೇ ನೋಡಿ. ಎರಡೂ ಇಲ್ಲದ ಎಂಜಿನ್ ಎಷ್ಟು ಸೋವಿಯಾದರೂ ದುಬಾರಿ.

ಇದರ ಜೊತೆಗೇ ಇನ್ನೊಂದು ನಷ್ಟ. ಆಕ್ಸಲರೇಟರಿನಿಂದ ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುವಷ್ಟು ಥ್ರಾಟಲ್ ಇಲ್ಲದ ಡೀಸೆಲ್ ಹಿಡಿಯುವುದಿಲ್ಲ. ಆಗುಂಬೆಯ 14 ತಿರುವು ಇಳಿಯುವ ಗಾಡಿಗೆ ಸೈಲೆನ್ಸರ್ ದಾರಿಯಲ್ಲಿ ಮುಚ್ಚಳ ಹಾಕುವ ಎಕ್ಸಾಸ್ಟ್ ಬ್ರೇಕ್ ಬೇಕೇಬೇಕು ಅನ್ನುತ್ತೇನೆ. ಲಾರಿಯಿಂದ ಬಿಚ್ಚಿದ ಎಂಜಿನ್ನಿನ ಜತೆ ಅದು ಇದ್ದರೆ ಬಿಡಬೇಡಿ, ಗುಜರಿಯವನು 'ಅದು ಬೇರೆ ಸಾಮಾನು' ಅಂದರೂ ಕೇಳಿ ಇಸಿದುಕೊಳ್ಳಿ.

ವೇಗದ ಲೆಕ್ಕ

ಪೆಟ್ರೋಲ್ ಎಂಜಿನ್ ಮೇಲಿನ ಸುತ್ತಿಗೆ ಹೋಗುತ್ತದೆ, ಆದ್ದರಿಂದ ಅದರ ಗಾಡಿಯ ಆಕ್ಸಲ್ಲಿಗೆ ತಗ್ಗಿನ ಗೇರಿಂಗ್ ಇಟ್ಟಿರುತ್ತಾರೆ. ನಿಧಾನ ತಿರುಗುವ ಡೀಸೆಲ್ ಹಾಕಿದರೆ ಏನಾಗುತ್ತದೆ ಲೆಕ್ಕ ಹಾಕಿ. ಆಕ್ಸಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಆಕ್ಸಲ್ಲಿಗೆ ಬರುವ ಶಾಫ್ಟು ತಿರುಗುವ ಸುತ್ತು) 6.5, ಟೈರು 9.00-16 ಅಂದುಕೊಳ್ಳಿ. ಆ ಟೈರು ಒಂದು ಸುತ್ತಿಗೆ ಸುಮಾರು 2.83 ಮೀಟರ್ ಹೋಗುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3400 ಸುತ್ತು ತಿರುಗಿದರೆ ಗಂಟೆಗೆ 89 ಕಿಲೋಮೀಟರ್. 2400ಕ್ಕೇ ಗವರ್ನರ್ (ಸುತ್ತಿಗೆ ಮಿತಿ ಹಾಕುವ ಭಾಗ) ಹಿಡಿಯುವ ಎಂಜಿನ್ನಾದರೆ 63. 2800 ತಿರುಗುವುದಾದರೆ 73. ಈ ಹತ್ತು ಕಿಲೋಮೀಟರಿನಲ್ಲೇ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಮರ್ಯಾದೆ ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತದೆ. ನಿಮ್ಮ ಗಾಡಿಯ ಅನುಪಾತ ಗೊತ್ತಿಲ್ಲದಿದ್ದರೆ ಹಿಂದಿನ ಎರಡೂ ಚಕ್ರ ಎತ್ತಿ, ಸೀಮೆಸುಣ್ಣದ ಗುರುತು ಹಾಕಿ, ಎರಡನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಆ ಶಾಫ್ಟಿನ ಜಾಯಿಂಟ್ ಎಷ್ಟು ಸುತ್ತು ಬಂತು ಎಣಿಸಿ. 'ಹಿಂದೆ ಬೇರೆ ಕ್ರೌನ್ ಪಿನಿಯನ್ (ಆಕ್ಸಲ್ಲಿನೊಳಗಿನ ಗೇರ್ ಜೋಡಿ) ಹಾಕಿದರಾಯಿತು' ಅನ್ನುವವರ ಮಾತು ಕೇಳಬೇಡಿ. ಫೋರ್ ಬೈ ಫೋರಿನಲ್ಲಿ ಹಿಂದೆ ಬದಲಿಸಿದ್ದನ್ನು ಮುಂದೆಯೂ ಬದಲಿಸಬೇಕು, ಇಲ್ಲದಿದ್ದರೆ ಮುಂದಿನ ಚಕ್ರಗಳಿಗೂ ಗೇರ್ ಹಾಕಿದ ದಿನ ಎರಡೂ ಆಕ್ಸಲ್ ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ.

ಪೆಟ್ರೋಲ್ ಟ್ಯಾಂಕನ್ನೇ ಉಳಿಸಿಕೊಂಡರೆ ಒಳಗಿನ ತುಕ್ಕು ಪೂರ್ತಿ ತೆಗೆಸಿ, ನೋಜಲ್‌ನಿಂದ ಮರಳುವ ಡೀಸೆಲ್ಲಿಗೆ ಇನ್ನೊಂದು ಪೈಪು ಕೊಡಿ, ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯ. ಸ್ಟಾರ್ಟರ್ 12 ವೋಲ್ಟೋ 24 ವೋಲ್ಟೋ ನೋಡಿ. ಲೋ ಗೇರಿನಲ್ಲಿ ಏರುವಾಗ ಗಾಳಿ ಬೀಸದ ಕಾರಣ ರೇಡಿಯೇಟರ್ ಫ್ಯಾನಿಗೆ ತಗಡಿನ ಬಳೆ ಮಾಡಿಸಿ.

ಕಾಗದ ಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ಗಾಡಿಯ ಮಾರ್ಪಾಡಿನದ್ದು. ಎಂಜಿನ್ ಬದಲಾದರೆ 14 ದಿನದೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಬೇಕು. ತಯಾರಕರು ಹೇಳಿದ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ನಡೆಯದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಹೇಳಿದ ಮೇಲೆ ಕಚೇರಿಗಳು ಬಿಗಿಯಾಗಿವೆ. ಅನುಮತಿ ಇಲ್ಲದ ಮಾರ್ಪಾಡಿಗೆ ಒಂದೊಂದಕ್ಕೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಅಥವಾ ಎರಡೂ ಅನ್ನುತ್ತದೆ 182ಎ ಕಲಮು. ಪೆಟ್ರೋಲಿನಿಂದ ಡೀಸೆಲ್ಲಿಗೆ ಹೋದರೆ ಇಂಧನವೇ ಬದಲಾಗುವುದರಿಂದ ಪ್ರಶ್ನೆಗಳು ಇನ್ನೂ ಹೆಚ್ಚು. ಎಂಜಿನ್ ಕೊಳ್ಳುವ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಸಿಗುವ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಗುಜರಿಯಿಂದ ತರುವಾಗ ಎಂಜಿನ್ ನಂಬರ್ ಬರೆದ ಬಿಲ್ಲು, ಆ ಎಂಜಿನ್ ಇದ್ದ ಲಾರಿಯ ಕಾಗದದ ಪ್ರತಿ ಎರಡೂ ಇರಲಿ. ಇಲ್ಲದಿದ್ದರೆ ಕದ್ದ ಮಾಲು ಅಂತ ಯಾರಾದರೂ ಕೇಳಿದಾಗ ಬಾಯಿ ಬಿಡಲಾಗುವುದಿಲ್ಲ. ಇನ್ಶೂರೆನ್ಸಿನವರಿಗೂ ತಿಳಿಸಿ.

ಹಾಗಾದರೆ ಯಾವುದು?

ಶಕ್ತಿಮಾನಿಗೆ ಟಾಟಾ 697. ಎಚ್06 ಒಳ್ಳೆಯ ಸ್ಥಿತಿಯಲ್ಲಿ ಗೇರ್‌ಬಾಕ್ಸ್ ಸಮೇತ ಸಿಕ್ಕರೆ ಅದೂ ಆದೀತು, ಆದರೆ ಕೊಪ್ಪ, ಶೃಂಗೇರಿ ಆಚೆಯ ಎಸ್ಟೇಟಿನಲ್ಲಿ ದುಡಿಯುವ ಗಾಡಿಗೆ ಸಾಮಾನು ಸಿಗುವ ಟಾಟಾವೇ ಮೇಲು. ನಿಸ್ಸಾನ್ ವನ್ ಟನ್ನಿಗೆ ರಸ್ತೆಯೂ ಬೇಕು, ತೋಟವೂ ಬೇಕು ಅನ್ನುವವರು ಹಿನೊ ನಾಲ್ಕು ಸಿಲಿಂಡರ್ ಅಥವಾ ಟಾಟಾ 497 ನೋಡಿ. ಎರಡರಲ್ಲಿ ಯಾವುದು ಗೇರ್‌ಬಾಕ್ಸು, ಎಕ್ಸಾಸ್ಟ್ ಬ್ರೇಕು, ಕಾಗದ ಮೂರರ ಜತೆ ಬರುತ್ತದೋ ಅದನ್ನು ಹಿಡಿಯಿರಿ. ತೋಟದ ಬೇಲಿ ದಾಟದ ಗಾಡಿಗೆ ಸಿಂಪ್ಸನ್ ಧಾರಾಳವಾಯಿತು. ಯುದ್ಧಕಾಲದ ಗಾಡಿಯನ್ನು ಪ್ರೀತಿಗೆ ಇಟ್ಟುಕೊಂಡವರು, ವರ್ಷಕ್ಕೆ ಆಯುಧಪೂಜೆಗೊಮ್ಮೆ ಹೊರತೆಗೆಯುವವರು, ಇದ್ದ ಪೆಟ್ರೋಲ್ ಎಂಜಿನ್ನಿಗೇ ಬೋರಿಂಗ್ ಮಾಡಿಸಿ. ಅದರ ಸದ್ದು ಬೇರೆ ಯಾವುದಕ್ಕೂ ಇಲ್ಲ.

ಬಿಚ್ಚಿದ ಹಳೇ ಎಂಜಿನ್ನನ್ನು ಮಾತ್ರ ಗುಜರಿಗೆ ಹಾಕಬೇಡಿ. ಆರ್‌ಸಿಯಲ್ಲಿ ಮೊದಲಿಂದ ಇರುವ ನಂಬರು ಅದರ ಮೈಮೇಲಿದೆ, ನಾಳೆ ಗಾಡಿಯನ್ನು ಮೂಲ ರೂಪಕ್ಕೆ ತರಬೇಕಾಗಿ ಬಂದರೆ ಅದಿಲ್ಲದೆ ಆಗುವುದಿಲ್ಲ. ಪ್ಲಗ್ ತೂತುಗಳಿಂದ ಒಳಕ್ಕೆ ಎಣ್ಣೆ ಬಿಟ್ಟು, ಕಾರ್ಬೊರೇಟರ್ ಬಾಯಿಗೆ ಬಟ್ಟೆ ತುರುಕಿ, ನೆಲಕ್ಕೆ ತಾಗದಂತೆ ಇಡಿ. ತಿಂಗಳಿಗೊಮ್ಮೆ ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ನಮ್ಮದು ಅಡಿಕೆ ಶೆಡ್ಡಿನ ಮೂಲೆಯಲ್ಲಿ ಹಲಸಿನ ದಿಮ್ಮಿಗಳ ಮೇಲೆ ತಾರ್ಪಾಲು ಹೊದ್ದು ಕೂತಿದೆ. ಹೇಂಟೆಯೊಂದು ಅದರ ಹಿಂದೆಯೇ ಕಾವಿಗೆ ಕೂರುವುದರಿಂದ ಈ ತಿಂಗಳ ಎರಡು ಸುತ್ತು ಬಾಕಿ ಇದೆ.